ಅರವತ್ತು ಕೆ.ಜಿ. ಒಳಗಿನ ಮಕ್ಕಳು

ಬನವಾಸಿ
ಮಂಗಳವಾರ, ಫೆಬ್ರವರಿ ೧೦, ೨೦೨೬

ಪ್ರೀತಿಯ ಸೀತಕ್ಕನಿಗೆ,

ನಿಮ್ಮ ಮಹೇಶ್ವರಿಯ ನಮಸ್ಕಾರ. ನಾವು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆ ಸಾಲು ಬರೆಯಲು ನನಗೆ ಕೈ ಬರಲಿಲ್ಲ. ಮಗ ದರ್ಶನನನ್ನು ಮಣ್ಣಿಗೆ ಕೊಟ್ಟು ಇನ್ನೂ ತಿಂಗಳು ತುಂಬಿಲ್ಲ, ಇದು ಯಾವ ಸೀಮೆಯ ಕ್ಷೇಮ? ನೀವಾದರೂ ಕ್ಷೇಮವಾಗಿರಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಕೈಯಲ್ಲಿ ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎನ್ನುತ್ತೀರಿ. ನಿಮ್ಮ ಫೋನು ನಿಮಗಿಂತ ಹೆಚ್ಚು ನಿಮ್ಮ ಮಗರಾಯ ಸುಮಂತನ ಕೈಯಲ್ಲೇ ಇರುತ್ತದೆ. ನಾನು ಹೇಳುವುದು ನಿಮಗಿಂತ ಮೊದಲು ಅವನ ಕಿವಿಗೆ ಬಿದ್ದರೆ ಕೆಲಸ ಕೆಟ್ಟಿತು. ಇನ್ನು ಇಲ್ಲಿ, ನಮ್ಮ ಮನೆಯವರು ಈಗ ಹೊಲಕ್ಕೂ ಹೋಗುವುದಿಲ್ಲ, ಸಂತೆಗೂ ಹೋಗುವುದಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಕೂತೇ ಇರುತ್ತಾರೆ. ನಾನು ಹಿತ್ತಲಿಗೆ ಹೋಗಿ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಅವರಿಗೆ ಇದು ಕೇಳಬಾರದು. ಯಾಕೆ ಎನ್ನುವುದನ್ನು ಮುಂದೆ ಬರೆಯುತ್ತೇನೆ. ನಮ್ಮ ನಾದಿನಿ ದೇವಕ್ಕ ನಾಳೆ ಸಿದ್ದಾಪುರದ ತನ್ನ ಮನೆಗೆ ಹೊರಟಿದ್ದಾಳೆ. ದಾರಿಯಲ್ಲಿ ಕಾನಸೂರಿನಲ್ಲಿ ಇಳಿದು ಇದನ್ನು ನಿಮ್ಮ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ.

ನಿನ್ನೆ ನೀವು ಫೋನು ಮಾಡಿದಾಗ ಒಂದು ಮಾತು ಹೇಳಿದಿರಿ. ಶನಿವಾರ ಯಲ್ಲಾಪುರದಲ್ಲಿ ಕಬಡ್ಡಿ ಫೈನಲ್, ದರ್ಶನನ ಜಾಗದಲ್ಲಿ ನಮ್ಮ ಸುಮಂತ ಆಡುತ್ತಾನೆ ಎಂದಿರಿ. ಅದರ ಬೆನ್ನಿಗೇ ನಗುತ್ತಾ, "ಎಂತ ಹೇಳ್ಲಿ ಮಾರಾಯ್ತಿ, ಈಗ ದಿನಾ ಬಚ್ಚಲಮನೆ ಬಾಗ್ಲು ಹಾಕ್ಯಂಡು ಹಂಡೆ ಒಲೆ ಮುಂದೆ ಕೂತ್ಕತ್ತ. ಸ್ವೆಟರ್ ಬೇರೆ. ನೆಗಡಿಗೆ ಒಳ್ಳೇದು ಹೇಳ್ತ. ಊಟನೂ ಸಮಾ ಮಾಡ್ತಿಲ್ಲೆ" ಎಂದಿರಿ. ನಾನು ಹೂಂ ಎಂದೆ. ನಿಮ್ಮ ಎಮ್ಮೆ ಕರು ಹಾಕಿತೇ ಎಂದು ಕೇಳಿದೆ.

ಸೀತಕ್ಕ, ನಿಮ್ಮ ಮಗನಿಗೆ ನೆಗಡಿಯಿಲ್ಲ. ಅವನು ತೂಕ ಇಳಿಸುತ್ತಿದ್ದಾನೆ. ನನ್ನ ಮಗ ಸತ್ತದ್ದು ಹಾಗೆ ತೂಕ ಇಳಿಸಲು ಹೋಗಿ. ಮಂಗನ ಕಾಯಿಲೆಯಿಂದ ಅಲ್ಲ.

ಬರೆದುಬಿಟ್ಟೆ. ಈಗ ಮೊದಲಿನಿಂದ ಹೇಳುತ್ತೇನೆ, ಬೇಸರಿಸದೆ ಕೊನೆಯವರೆಗೂ ಓದಿ. ಅರ್ಧ ಗೊತ್ತಿರುವ ಕಥೆಯೇ. ಉಳಿದ ಅರ್ಧ ನಿಮಗೆ ಗೊತ್ತಿಲ್ಲ.

ದೀಪಾವಳಿಗೆ ಮೊದಲು ನಮ್ಮ ಮಕ್ಕಳ ಕಾಲೇಜಿನ ಕಬಡ್ಡಿ ತಂಡವನ್ನು ಶಿರಸಿಯಲ್ಲಿ ಯಾರೂ ತಂಡ ಎಂದು ಕರೆಯುತ್ತಿರಲಿಲ್ಲ. ಮೂರು ತಾಲೂಕಿನ ಕಾಲೇಜುಗಳ ಅರವತ್ತು ಕೆ.ಜಿ. ಪಂದ್ಯಾವಳಿ ಶುರುವಾದಾಗಲೂ ಅಷ್ಟೇ. ಮೊದಲ ಪಂದ್ಯದಲ್ಲಿ ಯಲ್ಲಾಪುರದ ಹುಡುಗರು ನಮ್ಮವರನ್ನು ಮೂರು ಸಲ ಆಲೌಟ್ ಮಾಡಿ ಕಳಿಸಿದರು. ಕಾಲೇಜಿನ ಹುಡುಗಿಯರೇ ಬಿದ್ದು ಬಿದ್ದು ನಕ್ಕರಂತೆ. ಅರವತ್ತು ಕೆ.ಜಿ. ಎಂಬ ಕಟ್ಟಳೆ ಮಾಡಿದ್ದು ಸಣ್ಣ ಮೈಯ ಹುಡುಗರಿಗೂ ಆಡಲು ಸಿಗಲಿ ಎಂದು. ಪಂದ್ಯದ ದಿನ ಬೆಳಿಗ್ಗೆ ಎಲ್ಲರೂ ತೂಕಕ್ಕೆ ನಿಲ್ಲಬೇಕು, ಅರವತ್ತು ದಾಟಿದವನು ಹೊರಗೆ. ಒಳ್ಳೆಯ ಕಟ್ಟಳೆಯೇ. ಆದರೆ ಬೇಲಿ ಇದ್ದಲ್ಲಿ ಕಿಂಡಿ ಹುಡುಕುವವರೂ ಇರುತ್ತಾರಲ್ಲ. ದೊಡ್ಡ ಮೈಯ ಹುಡುಗನನ್ನು ಒಂದು ಬೆಳಗಿನ ಮಟ್ಟಿಗೆ ಅರವತ್ತರೊಳಗೆ ತುರುಕಿಬಿಟ್ಟರೆ, ತೂಕ ಮುಗಿದ ಮೇಲೆ ಅವನು ತಿಂದು ಕುಡಿದು ಮತ್ತೆ ದೊಡ್ಡವನಾಗಿ ಅಂಕಣಕ್ಕಿಳಿಯುತ್ತಾನೆ. ಎದುರಿನ ಸಣ್ಣ ಹುಡುಗರು ಅವನನ್ನು ಹಿಡಿಯುವುದೆಲ್ಲಿಂದ?

ಆಟದ ಮೇಷ್ಟ್ರು ರವೀಂದ್ರ ಸರ್ ಕಣ್ಣಿಗೆ ಆಗ ದರ್ಶನ ಬಿದ್ದ. ಇವನ ಕೈಕಾಲು ಉದ್ದ, ಕಾಲೇಜಿನಲ್ಲಿ ಇವನಂಥ ರೇಡರ್ ಇಲ್ಲ, ತೂಕ ಮಾತ್ರ ಅರವತ್ನಾಲ್ಕು. ನಿಮ್ಮ ಸುಮಂತನೂ ಅಷ್ಟೇ ತೂಕ. ಇಬ್ಬರಲ್ಲಿ ಒಬ್ಬ ಇಳಿದರೆ ಸಾಕು ಎಂದರಂತೆ. ಇವನು ಇಳಿಸುತ್ತೇನೆ ಎಂದ, ಸುಮಂತ ಜೊತೆಗಾರನಾಗಿ ಉಳಿದ. ಆ ದಿನ ಅದು ತಿರುವುಮುರುವಾಗಿದ್ದರೆ ಇವತ್ತು ಈ ಕಾಗದವನ್ನು ನೀವು ನನಗೆ ಬರೆಯುತ್ತಿದ್ದಿರಿ. ಹೀಗೆ ಬರೆದದ್ದಕ್ಕೆ ಕ್ಷಮಿಸಿ, ಆದರೆ ಅಳಿಸುವುದಿಲ್ಲ.

ನಮ್ಮಿಬ್ಬರ ಗೆಳೆತನ ಶುರುವಾದದ್ದೂ ಈ ಆಟದಿಂದಲೇ. ಕಾನಸೂರಿನ ಶಾಲೆಯ ಬಯಲಲ್ಲಿ ಪಂದ್ಯ ಇತ್ತು. ನೀವು ನನ್ನ ಪಕ್ಕ ಕೂತು, ಪಾಪ ಅವನನ್ನು ಅಷ್ಟು ಜನ ಸೇರಿ ಎಂತಕ್ಕೆ ಎಳೆಯುತ್ತಾರೆ ಎಂದು ಕೇಳಿದಿರಿ. ನಾನು ಹೈಸ್ಕೂಲಿನಲ್ಲಿ ಆಡಿದವಳು, ಬೋನಸ್ ಗೆರೆ ಯಾವುದು, ಹಿಡಿತ ಎಂದರೇನು ಎಂದು ಬಿಡಿಸಿ ಹೇಳಿದೆ. ಪಂದ್ಯ ಮುಗಿಯುವ ಹೊತ್ತಿಗೆ ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕಾಲು ಹಿಡಿಯಿರೋ ಎಂದು ನಮ್ಮವರಿಗೇ ಕೂಗುತ್ತಿದ್ದಿರಿ! ಆಮೇಲೆ ನಿಮ್ಮ ಮನೆಯಲ್ಲಿ ಊಟ. ದರ್ಶನ ಅಪ್ಪೆಹುಳಿ ಕುಡಿದು, "ಅವ್ವಾ, ಇದನ್ನ ಕಲಕೋ, ನಿನ್ನ ಸಾರಿಗೆ ರಜಾ ಕೊಡು" ಎಂದ. ಎಲ್ಲರೆದುರಿಗೆ ನನ್ನ ಮರ್ಯಾದೆ ಕಳೆದ. ಆ ದಿನ ನಾವು ಎಷ್ಟು ನಕ್ಕೆವು!

ಡಿಸೆಂಬರಿನಲ್ಲಿ ನಮ್ಮ ಆಲೆಮನೆ ಶುರುವಾಯಿತು. ನೀವು ಬರುತ್ತೇನೆ ಎಂದು ಬರಲಾಗಲಿಲ್ಲ. ಸುಮಂತ ಬಂದಿದ್ದ. ಹೊರಗೆ ಗಾಣ ತಿರುಗುತ್ತದೆ, ಒಳಗೆ ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಕೆಳಗೆ ಒಲೆಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಲೇ ಇರಬೇಕು. ಆ ಒಲೆಬಾಯಿಯ ಮುಂದೆ ಸಿಪ್ಪೆ ಹಾಕುವವರೇ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿ ನನ್ನ ಮಗ ಕೂತ. ಯೂರಿಯಾ ಚೀಲದೊಳಗಿನ ಪ್ಲಾಸ್ಟಿಕ್ಕಿಗೆ ತಲೆಗೊಂದು, ಕೈಗೆರಡು ತೂತು ಮಾಡಿ ತೊಟ್ಟು, ಅದರ ಮೇಲೆ ಸ್ವೆಟರು, ಅದರ ಮೇಲೆ ಕಂಬಳಿ. ಹಿಂದಿನ ದಿನದಿಂದ ಹನಿ ನೀರಿಲ್ಲ. ಬಾಯಲ್ಲಿ ಜೊಲ್ಲು ಬರಲಿ ಎಂದು ಅಡಿಕೆ ಜಗಿಯುವುದು, ಕರಟದಲ್ಲಿ ಉಗುಳುವುದು. ಊರವರೆಲ್ಲ ಚೊಂಬು ಹಿಡಿದು ಬಂದು ಕಬ್ಬಿನ ಹಾಲು ಕುಡಿದು ಹೋಗುತ್ತಿದ್ದರು. ಹತ್ತು ಮಾರು ದೂರದಲ್ಲಿ ಆ ಮನೆಯ ಮಗ ಉಗುಳೂ ನುಂಗದೆ ಕೂತಿದ್ದ.

ನಾನು ಬೈದೆ. ಇದೇನು ಮಗನೋ ಬೆಲ್ಲದ ಅಚ್ಚೋ ಎಂದು ಅವರಪ್ಪನನ್ನು ಕೇಳಿದೆ. ಇಬ್ಬರೂ ನಕ್ಕರು. ನಮ್ಮ ಮನೆಯವರ ಉತ್ಸಾಹ ನೀವು ನೋಡಬೇಕಿತ್ತು. ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ, ಮಗನ ಆಟದಲ್ಲಿ ತನ್ನದೂ ಒಂದು ಕೈ ಇದೆ ಎಂದು ಹಿಗ್ಗಿದ್ದರು. ತಾವೇ ಕೂತು ಸಿಪ್ಪೆ ಹಾಕುತ್ತಿದ್ದರು, ಆಳುಗಳಿಗೆ ಬಿಡುತ್ತಿರಲಿಲ್ಲ. "ಇನ್ನೊಂದು ಹೊರಿ ಹಾಕ್ಲೇನೋ?" ಎಂದು ಇವರು ಕೇಳುವುದು, "ಹಾಕಪ್ಪಾ" ಎಂದು ಅವನು ಹೇಳುವುದು. ಬೆಲ್ಲದ ಡಬ್ಬಿ ತೂಗುವ ತಕ್ಕಡಿಯ ಮೇಲೆ ಮಗನನ್ನು ನಿಲ್ಲಿಸಿ, ಇಳೀತು ಇಳೀತು ಎಂದು ಕುಣಿದರು. ಬಂದವರಿಗೆಲ್ಲ ತೋರಿಸಿದರು. ತೂಕಕ್ಕೆ ನಿಂತು ಬಂದು ಉಂಡರೆ ಹುಡುಗ ಮೊದಲಿನಂತಾಗುತ್ತಿದ್ದ. ಪಂದ್ಯ ಗೆಲ್ಲುತ್ತಿದ್ದ. ಹಾಗಾಗಿ ನನಗೂ ಇದು ಆಟದ ಒಂದು ಪದ್ಧತಿಯೇ ಇರಬೇಕು ಅನ್ನಿಸಿತು.

ನಮ್ಮವರು ಗೆಲ್ಲುತ್ತಲೇ ಹೋದರು, ನಿಮಗೆ ಗೊತ್ತಲ್ಲ. ಶಿರಸಿಯಲ್ಲಿ ಹೋಟೆಲಿನವರು ತಂಡದ ಹುಡುಗರನ್ನು ಗುರುತು ಹಿಡಿದು ಮಾತಾಡಿಸುವಂತಾಯಿತು. ರವೀಂದ್ರ ಸರ್ ಹುಡುಗರನ್ನು ಚಂದಗುಳಿಯ ಗಂಟೆ ಗಣಪನಿಗೆ ಕರೆದುಕೊಂಡು ಹೋದರು. ಅಲ್ಲಿ ಹರಕೆ ತೀರಿದವರು ಗಂಟೆ ಕಟ್ಟುತ್ತಾರಲ್ಲ, ಎಲ್ಲರೂ ಪಂದ್ಯಾವಳಿಯ ಕಪ್ಪು ಬಂದರೆ ಗಂಟೆ ಕಟ್ಟುತ್ತೇವೆ ಎಂದು ಹೇಳಿಕೊಂಡರಂತೆ. ನೀನೇನು ಬೇಡಿಕೊಂಡೆ ಎಂದು ಇವನನ್ನು ಕೇಳಿದರೆ, ಕಪ್ಪು ನಾವೇ ಗೆಲ್ಲುತ್ತೇವೆ, ತೂಕ ಇಳಿಸಿಕೊಡು ಎಂದು ಬೇಡಿದೆ ಎಂದ. ದೇವರ ಹತ್ತಿರವೂ ಲೆಕ್ಕಾಚಾರದ ಮಾತು. ನನಗೆ ಆಗಲೇ ಎದೆ ಜುಮ್ಮೆನ್ನಬೇಕಿತ್ತು. ಎನ್ನಲಿಲ್ಲ.

ಸೆಮಿಫೈನಲ್ ಬಂದದ್ದು ಸಂಕ್ರಾಂತಿಯ ವಾರ. ಹಬ್ಬದಲ್ಲಿ ಮಾದಲಿ, ಹೋಳಿಗೆ ತಿಂದು ತೂಕ ಎಂದಿಗಿಂತ ಹೆಚ್ಚಾಗಿತ್ತು. ಈ ಸಲ ಒಂದು ದಿನದ ಬೆಂಕಿ ಸಾಲಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೈಯಿಂದ ಬೆವರು ಬರುವುದು ನಿಂತೇ ಹೋಗಿತ್ತು. ಅಡಿಕೆ ಜಗಿದರೂ ಉಗುಳಲು ಬಾಯಲ್ಲಿ ಏನೂ ಇರಲಿಲ್ಲ. ನಾನು ಮಜ್ಜಿಗೆ ತಂದುಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ನೋಡುತ್ತಾ ಕೂತು, ಆಮೇಲೆ ತಿರುಗಿ ಕೊಟ್ಟ. "ಶನಿವಾರ ಸಂಜೀಕ ಕೊಡಬೇ ಅವ್ವಾ, ಇಡೀ ಕೊಡಾನ ಕುಡೀತೇನಿ" ಎಂದ.

ಸಿದ್ದಾಪುರದಲ್ಲಿ ತೂಕಕ್ಕೆ ನಿಂತ. ಮುಳ್ಳು ಕೂದಲೆಳೆಯಷ್ಟು ಕೆಳಗೆ ನಿಂತಿತು. ರವೀಂದ್ರ ಸರ್ ಅವನನ್ನು ಎತ್ತಿ ತಿರುಗಿಸಿದರು. ಆಮೇಲೆ ನೀರು ಕುಡಿದ, ಕುಡಿದದ್ದು ವಾಂತಿಯಾಯಿತು. ಖಾಲಿ ಹೊಟ್ಟೆಗೆ ಹಾಗೇ ಆಗುತ್ತದೆ ಎಂದರು. ಪಂದ್ಯ ನೀವೇ ನೋಡಿದ್ದೀರಿ. ಮೊದಲರ್ಧದಲ್ಲಿ ಅವನು ಆಡಿದ ಆಟವನ್ನು ನಾನು ಸಾಯುವವರೆಗೂ ಮರೆಯಲಾರೆ, ಎಷ್ಟು ಚಂದ ಆಡಿದ ಸೀತಕ್ಕ! ಆಮೇಲಿನದನ್ನೂ ಮರೆಯಲಾರೆ. ದ್ವಿತೀಯಾರ್ಧದಲ್ಲಿ ರೇಡಿಗೆ ಹೋದವನು ಬೋನಸ್ ಗೆರೆಯ ಹತ್ತಿರ ನಿಂತ. ಕಬಡ್ಡಿ ಕಬಡ್ಡಿ ಎನ್ನುವುದು ನಿಂತಿತು. ಎದುರಾಳಿಗಳ ಅಂಕಣದ ನಡುವೆ, ಊಟಕ್ಕೆ ಕೂತವನ ಹಾಗೆ ಕಾಲು ಮಡಿಚಿ ಕೂತ. ಆ ಹುಡುಗರಿಗೆ ಅವನನ್ನು ಮುಟ್ಟಬೇಕೋ ಬೇಡವೋ ತಿಳಿಯಲಿಲ್ಲ, ಸುತ್ತಲೂ ಕೈ ಚಾಚಿ ನಿಂತರು. ಅಂಪೈರು ಸೀಟಿ ಊದಿ ಅವರಿಗೊಂದು ಅಂಕ ಕೊಟ್ಟರು. ನೀವು ಓಡಿ ಬಂದು ಸೆರಗಿನಿಂದ ಗಾಳಿ ಹಾಕಿದಿರಿ. ಅಷ್ಟರಲ್ಲಿ ಪಂದ್ಯ ಮತ್ತೆ ಶುರುವಾಗಿತ್ತು. ಗೆದ್ದರು ಕೂಡ.

ಸಿದ್ದಾಪುರದ ಆಸ್ಪತ್ರೆಗೆ ಒಯ್ದಾಗ ಮೈ ಸುಡುತ್ತಿತ್ತು. ಈ ದಿನಗಳಲ್ಲಿ ನಮ್ಮ ಕಡೆ ಹುಡುಗನಿಗೆ ಜ್ವರ ಬಂದರೆ ಎಲ್ಲರ ಬಾಯಲ್ಲಿ ಬರುವುದು ಒಂದೇ. ಕಾಡಿಗೆ ಹೋಗಿದ್ದನೇ, ಉಣ್ಣೆ ಹುಳ ಕಚ್ಚಿತ್ತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ಡಾಕ್ಟರು ಕೇಳಿದರು. ಕೇಳಲೇಬೇಕು, ಅವರ ತಪ್ಪಲ್ಲ. ಬೆಂಕಿಯ ಮುಂದೆ ಕೂತಿದ್ದ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೌದು, ಒಣ ಎಲೆಯ ದರಕು ಗುಡಿಸಲು ಕಾಡಿಗೆ ಹೋಗುತ್ತಾನೆ ಎಂದರು ರವೀಂದ್ರ ಸರ್. ನನ್ನ ಮಗ ಜನ್ಮದಲ್ಲಿ ಒಂದು ಹೆಡಿಗೆ ದರಕು ಹೊತ್ತವನಲ್ಲ! ನಮ್ಮ ಮನೆಯವರು ಬಾಯಿ ತೆರೆಯಲಿಲ್ಲ, ನನಗೆ ಬಾಯೇ ಬರಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಹುಡುಗ ಉಚ್ಚೆ ಹೊಯ್ಯದೆ ಕಣ್ಣು ತೇಲಿಸಿದಾಗ ಹುಬ್ಬಳ್ಳಿಗೆ ಒಯ್ಯಿರಿ ಎಂದರು.

ಹುಬ್ಬಳ್ಳಿಯಲ್ಲಿ ನಳಿಕೆ ಹಾಕಿ ಉಚ್ಚೆ ತೆಗೆದರು. ಬಂದದ್ದು ಸ್ವಲ್ಪವೇ, ಅದು ಜೋನಿ ಬೆಲ್ಲದ ಕಡುಗಂದು ಬಣ್ಣಕ್ಕಿತ್ತು. ಇದನ್ನು ನಿಮಗೆ ಬರೆಯಬಾರದಿತ್ತೇನೋ. ಆದರೆ ನಿಮಗೆ ಹೆದರಿಕೆಯಾಗಬೇಕು, ಅದಕ್ಕೇ ಬರೆದೆ. ಅಲ್ಲಿನ ಡಾಕ್ಟರು ನಮ್ಮ ಮಕ್ಕಳಿಗಿಂತ ನಾಲ್ಕಾರು ವರ್ಷ ದೊಡ್ಡ ಹುಡುಗಿ. ನಮ್ಮ ಮನೆಯವರು ಔಷಧಿ ತರಲು ಕೆಳಗೆ ಹೋಗಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು, ಇವನು ಬೆಂಕಿಯ ಹತ್ತಿರ ಏನಾದರೂ ಕೆಲಸ ಮಾಡುತ್ತಾನಾ ಅಮ್ಮಾ ಎಂದು ಕೇಳಿದಳು. ಮೈಯಲ್ಲಿ ನೀರೇ ಇಲ್ಲ, ಮಾಂಸಖಂಡ ಕರಗಿ ಕಿಡ್ನಿಯಲ್ಲಿ ಕಟ್ಟಿಕೊಂಡಿದೆ, ಜ್ವರಕ್ಕೆ ಹೀಗಾಗಿದ್ದಲ್ಲ, ಒಣಗಿಸಿದ ಹಾಗಿದೆ ಎಂದಳು. ಆಗ ನಾನು ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಆಮೇಲೆ ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹುಡುಗ ಉಳಿಯಲಿಲ್ಲ.

ಮಂಗನ ಕಾಯಿಲೆ ಅಲ್ಲ ಎಂಬ ವರದಿ ಮಣ್ಣು ಮಾಡಿದ ಮೇಲೆ ಬಂತು. ಅದನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಊರಿಗೆ ಊರೇ ತೀರ್ಮಾನ ಮಾಡಿತ್ತು. ಆರೋಗ್ಯ ಇಲಾಖೆಯವರು ಬಂದು ಮನೆಮನೆಗೆ ಕೈಕಾಲಿಗೆ ಹಚ್ಚುವ ಎಣ್ಣೆ ಹಂಚಿ ಹೋದರು. ಹುಡುಗರು ಗುಂಪು ಕಟ್ಟಿಕೊಂಡು ಸತ್ತ ಮಂಗ ಹುಡುಕಲು ಗುಡ್ಡ ಹತ್ತಿದರು, ಒಂದೂ ಸಿಗಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಮನುಷ್ಯರು ತಿಂದು ಕೋತಿಯ ಬಾಯಿಗೆ ಒರೆಸಿದರು.

ರವೀಂದ್ರ ಸರ್ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಮಣ್ಣಿನ ದಿನ ಅವರು ಅತ್ತದ್ದು ನಾಟಕವಲ್ಲ. ಅವರಿಗೂ ಮಂಗ ಬೇಕಿತ್ತು, ಅಷ್ಟೇ. ಈಗ ದರ್ಶನನ ಅಂಗಿಯನ್ನು ಕಟ್ಟು ಹಾಕಿಸಿ ಕಾಲೇಜಿನಲ್ಲಿ ತೂಗುಹಾಕಿದ್ದಾರಂತೆ. ಕಪ್ಪು ತಂದು ಅದರ ಕೆಳಗೆ ಇಡುತ್ತೇವೆ ಎಂದು ಹುಡುಗರಿಂದ ಆಣೆ ಮಾಡಿಸಿದ್ದಾರಂತೆ. ಅವನ ಜೊತೆ ಓದುವ ಕಾವ್ಯಶ್ರೀ ಮಾತಾಡಿಸಿಕೊಂಡು ಹೋಗಲು ಬಂದಿದ್ದಳು, ಅವಳೇ ಹೇಳಿದ್ದು. ನೀವೂ ಫೋನಿನಲ್ಲಿ ಹೇಳಿದಿರಿ, ನಿನ್ನ ಮಗನ ಹೆಸರಿಗೆ ನನ್ನ ಮಗ ಕಪ್ಪು ತರುತ್ತಾನೆ ಎಂದು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೂ ಆಸೆಯಾಯಿತು. ತರಲಿ ಅನ್ನಿಸಿತು. ಆ ಆಸೆಗೆ ಹೇಸಿ ಈ ಕಾಗದ ಬರೆಯಲು ಕೂತೆ.

ಇಷ್ಟು ಗೊತ್ತಿದ್ದವಳು ಬೀದಿಯಲ್ಲಿ ನಿಂತು ಯಾಕೆ ಕೂಗಲಿಲ್ಲ ಎಂದು ಕೇಳುತ್ತೀರಿ. ಕೂಗುತ್ತಿದ್ದೆ. ಕಾಲೇಜಿನ ಗೇಟಿನ ಮುಂದೆ ಹೋಗಿ ಮಣ್ಣು ತೂರುತ್ತಿದ್ದೆ. ಆದರೆ ಸೀತಕ್ಕ, ಬೆಂಕಿ ಹಾಕಿದ ಕೈ ರವೀಂದ್ರ ಸರ್ ಅವರದಲ್ಲ. ನಮ್ಮ ಮನೆಯವರದು. ಮಗನನ್ನು ಅವರು ಎಷ್ಟು ಮುದ್ದಿನಿಂದ ಬೆಳೆಸಿದರು ಎನ್ನುವುದು ನಿಮಗೆ ಗೊತ್ತು. ಅವರು ಇವತ್ತಿಗೂ ಜ್ವರ ಎಂದೇ ನಂಬಿದ್ದಾರೆ, ಆ ನಂಬಿಕೆಯ ಮೇಲೆ ಒಂದು ತುತ್ತು ಒಳಗೆ ಹೋಗುತ್ತಿದೆ. ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿದ್ದರೆ ನಾನು ಹೊಲದಲ್ಲಿ ಇನ್ನೊಂದು ಗುಂಡಿ ತೋಡಿಸಬೇಕಾಗುತ್ತದೆ. ಮನೆಯಲ್ಲಿ ಹಗ್ಗ ಕಂಡರೆ ಈಗಲೇ ಎತ್ತಿ ಬಚ್ಚಿಡುತ್ತೇನೆ. ಈ ವರ್ಷ ಉಳಿದ ಕಬ್ಬು ಗದ್ದೆಯಲ್ಲೇ ನಿಂತು ಒಣಗುತ್ತಿದೆ. ಕಡಿಸಿ ಗಾಣಕ್ಕೆ ಹಾಕಿಸಿ ಎಂದರೆ, ಸೂತಕ ಎಂದರು. ಲಿಂಗ ಕಟ್ಟಿದವರ ಮನೆಯಲ್ಲಿ ಎಂಥ ಸೂತಕ? ನಮ್ಮವರಲ್ಲಿ ಅದಿಲ್ಲ. ದುಃಖದಲ್ಲಿ ಬಾಯಿಗೆ ಬಂದದ್ದು ಹೇಳುತ್ತಾರೆ ಎಂದು ಸುಮ್ಮನಾದೆ.

ಹಾಗಾಗಿ ನನ್ನ ಬಾಯಿ ಕಟ್ಟಿದೆ. ನಿಮ್ಮ ಮಗನನ್ನು ಉಳಿಸಬೇಕಾದರೆ ನಾನು ಮಾತಾಡಬೇಕು, ನನ್ನ ಗಂಡನನ್ನು ಉಳಿಸಿಕೊಳ್ಳಬೇಕಾದರೆ ಸುಮ್ಮನಿರಬೇಕು. ನಿನ್ನೆಯಿಂದ ಯೋಚಿಸಿ ಯೋಚಿಸಿ, ನಿಮಗೊಬ್ಬರಿಗೇ ಹೇಳುವುದು ಎಂದು ನಿಶ್ಚಯಿಸಿದೆ. ನೀವು ಅವನನ್ನು ತಡೆಯಿರಿ. ಆದರೆ ನನ್ನ ಹೆಸರು, ಆಲೆಮನೆಯ ಹೆಸರು ಎಲ್ಲೂ ತರಬೇಡಿ. ಬೇರೆ ನೆಪ ಹುಡುಕಿ. ಮಠಕ್ಕೆ ಹರಕೆ ಇದೆ, ಶನಿವಾರ ಸ್ವರ್ಣವಲ್ಲಿಗೆ ಹೋಗಲೇಬೇಕು ಎನ್ನಿ. ಅದೂ ಆಗದಿದ್ದರೆ ಯಾರದಾದರೂ ಶ್ರಾದ್ಧ ಹುಟ್ಟಿಸಿ. ನಿಮ್ಮ ಮನೆಯಲ್ಲಿ ವರ್ಷಕ್ಕೆ ಅಷ್ಟು ತಿಥಿ ಮಾಡುತ್ತೀರಲ್ಲ, ಇನ್ನೊಂದು ಹೆಚ್ಚಾದರೆ ಹಿರಿಯರೇನೂ ಬೇಡ ಎನ್ನುವುದಿಲ್ಲ. ಮೊದಲು ಬಚ್ಚಲ ಒಲೆಗೆ ನೀರು ಹೊಯ್ಯಿರಿ. ಗಂಜಿ ಕುಡಿಸಿ, ಉಪ್ಪು ಹಾಕಿ ಮಜ್ಜಿಗೆ ಕುಡಿಸಿ. ಕುಡಿಯಲಾರೆ ಎಂದರೆ ಎದುರಿಗೆ ಕೂತು ಅತ್ತುಬಿಡಿ. ನಾನು ಅಳಲಿಲ್ಲ, ಮಜ್ಜಿಗೆಯ ಲೋಟ ತಿರುಗಿ ತೆಗೆದುಕೊಂಡು ಬಂದೆ.

ಅವನು ನಿಮ್ಮ ಮೇಲೆ ಸಿಟ್ಟು ಮಾಡುತ್ತಾನೆ. ಗೆಳೆಯನಿಗೆ ಕೊಟ್ಟ ಮಾತು ತಪ್ಪಿಸಿದೆ ಎಂದು ವರ್ಷಗಟ್ಟಲೆ ಮಾತು ಬಿಡಬಹುದು. ಬಿಡಲಿ. ಮಾತು ಬಿಟ್ಟ ಮಗನಿಗೂ ಬಡಿಸಬಹುದು, ಅವನ ಬಟ್ಟೆ ಒಗೆಯಬಹುದು.

ಇಷ್ಟು ಓದಿಯೂ ನಿಮಗೆ ನಂಬಿಕೆ ಬಾರದಿದ್ದರೆ ನಾನೇನು ಮಾಡಲಿ? ಮಗ ಸತ್ತ ಸಂಕಟದಲ್ಲಿ ಇವಳಿಗೆ ತಲೆ ಕೆಟ್ಟಿದೆ, ತನ್ನ ಮಗನಿಗಿಲ್ಲದ ಕಪ್ಪು ಬೇರೆಯವರ ಮಗನಿಗೆ ಬೇಡ ಎನ್ನುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ ಅನ್ನಿಸಲಿ, ಆದರೂ ಅವನಿಗೆ ನೀರು ಕುಡಿಸಿ.

ನಿಮ್ಮ ನಂಬಿಕೆಯ,
ಮಹೇಶ್ವರಿ

ಮತ್ತೊಂದು ಮಾತು, ಬುಧವಾರ ಬೆಳಿಗ್ಗೆ:

ಕಾಗದ ಮಡಿಚಿ ಇನ್ನೇನು ದೇವಕ್ಕನ ಚೀಲಕ್ಕೆ ಹಾಕಬೇಕು, ಅಷ್ಟರಲ್ಲಿ ರವೀಂದ್ರ ಸರ್ ಬೈಕಿನಲ್ಲಿ ಬಂದಿಳಿದರು. ನಾನು ಚಹಾ ಇಡಲು ಒಳಗೆ ಬಂದೆ. ಪಡಸಾಲೆಯ ಮಾತು ಅಡುಗೆಮನೆಗೆ ಚೆನ್ನಾಗಿ ಕೇಳುತ್ತದೆ. ಸುಮಂತನ ತೂಕ ಇಳಿಯುತ್ತಿಲ್ಲ, ಬಚ್ಚಲ ಒಲೆ ಸಾಲುತ್ತಿಲ್ಲ, ಚನ್ನಯ್ಯನವರೇ, ಒಂದೇ ಒಂದು ದಿನ ಆಲೆಮನೆಯ ಒಲೆ ಹಚ್ಚಿಕೊಡಿ, ದರ್ಶನನ ಹೆಸರಿಗಾದರೂ ಎಂದು ಕೇಳಿದರು. ನಾನು ಚಹಾದ ಪಾತ್ರೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಆಮೇಲೆ ನಮ್ಮ ಮನೆಯವರು, "ಒಬ್ಬನ್ನ ಬೇಯ್ಸೇನ್ರಿ ಸರ. ಇನ್ನೊಬ್ಬನ್ನ ಬೇಯ್ಸಂಗಿಲ್ಲ" ಎಂದರು. ಅದು ಜ್ವರ ಅಲ್ಲವೇ, ನೀವು ಹಾಗೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಸರ್ ಏನೇನೋ ಹೇಳಲು ಹೋದರು. ಇವರು, "ಜ್ವರ ಅಲ್ರಿ. ನಾನು" ಎಂದರು. ಸರ್ ಚಹಾ ಕುಡಿಯದೆ ಹೋದರು.

ಆಂಬುಲೆನ್ಸಿನಲ್ಲಿ ಅವನ ಹೊಟ್ಟೆಯ ಮೇಲೆ ಕೈ ಇಟ್ಟಾಗಲೇ ಇವರಿಗೆ ಗೊತ್ತಾಗಿತ್ತಂತೆ. ಕೊಪ್ಪರಿಗೆ ಮುಟ್ಟಿದ ಹಾಗಿತ್ತಂತೆ. ನನಗೆ ತಿಳಿದರೆ ನಾನು ಅವರ ಮುಖ ನೋಡಲಾರೆ ಎಂದು ಇಷ್ಟು ದಿನ ಬಾಯಿ ಮುಚ್ಚಿ ಕೂತಿದ್ದರು. ನಾನು ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಹಗ್ಗದ ಮಾತು ಬಂದಾಗ ಮಾತ್ರ ಸ್ವಲ್ಪ ತಡವರಿಸಿದೆ. ಅವರು ಓದು ಎಂದರು.

ಸೀತಕ್ಕ, ಈಗ ನಮ್ಮಿಬ್ಬರ ಹೆಸರನ್ನೂ ಹೇಳಿ, ಯಾರ ಮುಂದೆ ಬೇಕಾದರೂ ಹೇಳಿ. ಈ ಕಾಗದವನ್ನು ದೇವಕ್ಕ ತರುತ್ತಿಲ್ಲ, ನಮ್ಮ ಮನೆಯವರೇ ತರುತ್ತಿದ್ದಾರೆ. ನೀವು ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತಾರೆ, ಕರೆದರೂ ಒಳಗೆ ಬರಲಿಕ್ಕಿಲ್ಲ. ಸುಮಂತನನ್ನು ಬಚ್ಚಲಮನೆಯಿಂದ ಎಬ್ಬಿಸಿ ಅವರ ಹತ್ತಿರ ಕಳಿಸಿ.